ಬಿಡುಗಡೆ ಪತ್ರ

ನಾನು ಎರಡನೇ ಮದುವೆಗೆ ಹೊರಟಿದ್ದೆ ಎಂದು ಚಾಮರಾಜನಗರದಲ್ಲಿ ಯಾರಾದರೂ ನಿಮಗೆ ಹೇಳಿದರೆ, ಹೇಳಿದವರ ಹೆಸರನ್ನು ದಯವಿಟ್ಟು ನನಗೆ ತಿಳಿಸಿ. ಬೇರೇನೂ ಮಾಡುವುದಿಲ್ಲ, ಅವರ ಮನೆ ಬಾಗಿಲಿಗೆ ಹೋಗಿ ಬೈದು ಬರುತ್ತೇನೆ, ಅಷ್ಟೆ. ನನ್ನ ಹೆಸರು ಗುರುಪಾದಸ್ವಾಮಿ. ನಾನು ಹೊರಟಿದ್ದು ಕೆಲಸಕ್ಕೆ. ಕೆಲಸಕ್ಕೂ ಮದುವೆಗೂ ವ್ಯತ್ಯಾಸ ತಿಳಿಯದ ಜನರ ನಡುವೆ ಇಷ್ಟು ವರ್ಷ ಹೇಗೆ ಬಾಳಿದೆನೋ ಎಂದು ನೆನೆದರೆ ಈಗಲೂ ಪಿತ್ತ ನೆತ್ತಿಗೇರುತ್ತದೆ.

ನನ್ನ ಮದುವೆಯಾದ ವರ್ಷವೇ ಸೇರಿ, ಹದಿನಾಲ್ಕು ವರ್ಷ ನಾನು ನಮ್ಮೂರಿನ ಒಂದು ಕಲ್ಯಾಣ ಮಂಟಪದ ಮ್ಯಾನೇಜರಾಗಿದ್ದೆ. ಮ್ಯಾನೇಜರ್ ಎಂದರೆ ಬೀಗದ ಕೈ ಇಟ್ಟುಕೊಂಡು ಕೂತವನು ಎಂದು ತಿಳಿಯಬೇಡಿ. ಬೀಗವನ್ನು ಯಾರು ಬೇಕಾದರೂ ಸಂಭಾಳಿಸಬಹುದು. ಬೀಗರನ್ನು ಸಂಭಾಳಿಸಿ ನೋಡಿ. ಹೆಣ್ಣಿನ ಕಡೆಯ ಚಿಕ್ಕಪ್ಪನಿಗೆ ಕಾಫಿ ಮೊದಲು ಹೋಯಿತು, ಗಂಡಿನ ಕಡೆಯ ದೊಡ್ಡಪ್ಪನಿಗೆ ಆಮೇಲೆ ಬಂತು ಎಂಬ ಕಾರಣಕ್ಕೆ ಮುಹೂರ್ತವೇ ನಿಲ್ಲುವ ಹಾಗಾದದ್ದನ್ನು ನಾನು ಬಗೆಹರಿಸಿದ್ದೇನೆ. ಬಿಸಿನೀರು ಮುಗಿದು, ತಲೆಯ ಮೇಲೆ ಸೀಗೆಪುಡಿ ಹಾಗೇ ಇಟ್ಟುಕೊಂಡು ಕಾರಿಡಾರಿಗೆ ಬಂದು ಕೂಗಾಡಿದ ಬೀಗಿತ್ತಿಯರ ಮುಂದೆ ಒಬ್ಬನೇ ನಿಂತಿದ್ದೇನೆ. ಈ ಅನುಭವದಿಂದ ನಾನು ಕಲಿತ ವಿದ್ಯೆ ಇಷ್ಟು: ಸಿಟ್ಟಾದ ಬೀಗರನ್ನು ಮೊದಲು ಕೂರಿಸಬೇಕು. ನಿಂತ ಬೀಗರು ಅಪಾಯ, ಕೂತ ಬೀಗರು ಅರ್ಧ ಅಪಾಯ, ಕೈಯಲ್ಲಿ ಮಜ್ಜಿಗೆ ಲೋಟ ಹಿಡಿದು ಕೂತ ಬೀಗರು ಬರೀ ನೆಂಟರು.

ಇಂಥ ಮಂಟಪವನ್ನು ಮಾಲೀಕರು ತೀರಿಕೊಂಡ ಮೇಲೆ ಅವರ ಮಗ ಒಡೆಸಿ ಟೈಲ್ಸ್ ಅಂಗಡಿ ಮಾಡಿದ. ಎಷ್ಟೋ ಜೋಡಿಗಳು ಅಕ್ಷತೆ ಹಾಕಿಸಿಕೊಂಡ ಜಾಗದಲ್ಲಿ ಈಗ ಬಾತ್‌ರೂಮಿನ ನೆಲಹಾಸು ಮಾರುತ್ತಾರೆ. ಆ ದಿನ ಬೀದಿಯ ಜನರೆಲ್ಲ ಸೇರಿದ್ದಾಗ ನಾನು ಎದೆ ಸೆಟೆಸಿ ಹೇಳಿದೆ: “ಇನ್ನು ಗುರುಪಾದಸ್ವಾಮಿ ಯಾರ ಕೈಕೆಳಗೂ ದುಡಿಯಲ್ಲ. ಸ್ವಂತ ಈವೆಂಟ್ ಕಂಪನಿ ತೆಗೀತೀನಿ.” ಚಪ್ಪಾಳೆ ಬಿತ್ತು. ಚಪ್ಪಾಳೆ ಹೊಡೆದವರಲ್ಲಿ ನನ್ನ ಹೆಂಡತಿ ಮಧುಶ್ರೀಯೂ ಇದ್ದಳು.

ಕಂಪನಿ ಎಲ್ಲಿಂದ ತೆಗೆಯುವುದು? ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು “ಮೀಟಿಂಗ್ ಇದೆ” ಎಂದು ಹೊರಡುತ್ತಿದ್ದೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಸಂಜೆ ಮನೆಗೆ ಬರುತ್ತಿದ್ದೆ. ಹೀಗೆ ಮೀಟಿಂಗಿನಲ್ಲಿದ್ದಾಗಲೇ ಮೊಬೈಲಿನಲ್ಲಿ ಆ ಜಾಹೀರಾತು ಕಂಡದ್ದು. ಗುಂಡ್ಲುಪೇಟೆಯಿಂದ ಬಂಡೀಪುರದ ದಾರಿಯಲ್ಲಿ, ಹಂಗಳ ದಾಟಿದ ಮೇಲೆ, ‘ಸೈಲೆಂಟ್ ಬ್ಯಾಂಬೂ’ ಎಂಬ ರೆಸಾರ್ಟು. ಬಿದಿರಿಗೆ ಯಾವತ್ತು ಮಾತು ಬರುತ್ತಿತ್ತೋ ನನಗೆ ತಿಳಿಯದು. ಅವರಿಗೆ ಗೆಸ್ಟ್ ರಿಲೇಶನ್ಸ್ ಮ್ಯಾನೇಜರ್ ಬೇಕಾಗಿದ್ದಾರೆ. ಬಂದವರನ್ನು ನೋಡಿಕೊಳ್ಳುವ ಕೆಲಸ. ಬೀಗರನ್ನು ನೋಡಿಕೊಂಡವನಿಗೆ ಪ್ರವಾಸಿಗಳು ಯಾವ ಲೆಕ್ಕ? ಆ ಕೆಲಸ ನನಗೆ ಸಿಗದೆ ಹೋದರೆ ನನ್ನ ಗತಿ ಅದೇ ಕಲ್ಲುಬೆಂಚು ಎಂಬುದು ಗೊತ್ತಿತ್ತು. ಅರ್ಜಿ ಹಾಕಿದೆ. ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು, ಅಷ್ಟು ಚಪ್ಪಾಳೆ ಹೊಡೆಸಿಕೊಂಡ ಮೇಲೆ?

ಅರ್ಜಿಯಲ್ಲಿ ಒಂದು ಪ್ರಶ್ನೆ ನೋಡಿ ಮೈ ಉರಿದುಹೋಯಿತು. ‘ನಿಮ್ಮನ್ನು ಬಲ್ಲ, ನಿಮಗೆ ಸಂಬಂಧಿಯಲ್ಲದ ಒಬ್ಬರ ಫೋನ್ ನಂಬರು ಕೊಡಿ.’ ನಮ್ಮೂರಿನಲ್ಲಿ ನನಗೆ ಸಂಬಂಧಿಯಲ್ಲದವರನ್ನು ಎಲ್ಲಿಂದ ತರಲಿ? ಹಾಲಿನವನು ನನ್ನ ಸೋದರತ್ತೆಯ ಮೈದುನ. ಪೋಸ್ಟ್‌ಮನ್ ನನ್ನ ಷಡ್ಡಕನ ಷಡ್ಡಕ. ಕೊನೆಗೆ ಎದುರು ಮನೆಯ ಪುಟ್ಟಮಾದಯ್ಯನ ನಂಬರು ಹಾಕಿದೆ. ನನ್ನ ಜೀವನದ ದೊಡ್ಡ ಮೂರ್ಖತನ ಅದೇ.

ಪುಟ್ಟಮಾದಯ್ಯ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಯಾವ ಮನೆಗೆ ಯಾವ ಕಂಬದಿಂದ ಲೈನು ಹೋಗಿದೆ ಎಂಬುದರಿಂದ ಹಿಡಿದು ಆ ಮನೆಯೊಳಗೆ ಯಾರಿಗೆ ಯಾರ ಮೇಲೆ ಕೋಪ ಎಂಬುದರವರೆಗೆ ಬಲ್ಲ. ಬೀದಿಯ ಬಾಯಲ್ಲೇ ಅವನ ಜಗಲಿ. ಹಾಗಾಗಿ ನಮ್ಮ ಬೀದಿಯ ಗಂಡಿಗೆ ಹೆಣ್ಣು ಕೊಡುವವರು ಯಾರೇ ಬರಲಿ, ಮೊದಲು ಅವನ ಹತ್ತಿರ ಕೂತು ವಿಚಾರಿಸುತ್ತಾರೆ. ಹುಡುಗ ಕುಡೀತಾನಾ, ಜಮೀನು ಎಷ್ಟು, ತಾಯಿ ಬಾಯಿ ಹೇಗೆ? ಅವನ ಒಂದು ಮಾತಿನಿಂದ ಕೂಡಿದ ಮದುವೆಗಳಿವೆ. ಒಂದು ಕೆಮ್ಮಿನಿಂದ ಕಲ್ಲು ಬಿದ್ದ ಮದುವೆಗಳೂ ಇವೆ. ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದಿನ ಕೆಳಗೆ ಸರ್ವಿಸು ಮುಗಿಸಿದ್ದರಿಂದ ಅವನ ಕಿವಿ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಉಳಿದರ್ಧ ಅವನೇ ತುಂಬಿಕೊಳ್ಳುತ್ತಾನೆ.

ರೆಸಾರ್ಟಿನಿಂದ ಅವನಿಗೆ ಫೋನ್ ಮಾಡಿದ್ದು ಶೈನಿ ಎಂಬ ಎಚ್.ಆರ್. ಮೇಡಂ. ಸುಲ್ತಾನ್ ಬತೇರಿ ಕಡೆಯವರು. ಕನ್ನಡ ಓದಲು ಬಾರದು. ಮಾತನಾಡಲು ಬರುತ್ತದೆ ಎಂದು ಅವರಿಗೊಂದು ನಂಬಿಕೆ. ಇಂಗ್ಲಿಷ್ ಪದಗಳನ್ನು ಮೊಬೈಲಿಗೆ ಹಾಕಿ ಕನ್ನಡ ತೆಗೆದುಕೊಂಡು ಬಾಯಿಪಾಠ ಮಾಡಿದ್ದರು. ಗೆಸ್ಟ್ ರಿಲೇಶನ್ಸ್ ಎಂದರೆ ‘ಅತಿಥಿ ಸಂಬಂಧ’. ರಿಲೀವಿಂಗ್ ಲೆಟರ್ ಎಂದರೆ ‘ಬಿಡುಗಡೆ ಪತ್ರ’. ನಮ್ಮ ಸೀಮೆಯಲ್ಲಿ ಸಂಬಂಧ ಎಂದರೆ ಏನು, ಬಿಡುಗಡೆ ಎಂದರೆ ಏನು, ಸಂಸಾರ ಮುರಿದಾಗ ಪಂಚಾಯಿತಿ ಕೂರಿಸಿ ಯಾರು ಯಾರಿಗೆ ಬಿಡುಗಡೆ ಪತ್ರ ಬರೆದುಕೊಡುತ್ತಾರೆ ಎಂದು ಆ ಮೊಬೈಲಿಗೆ ಯಾರೂ ಹೇಳಿರಲಿಲ್ಲ.

ಆ ಮಾತುಕತೆ ನನಗೆ ಅಕ್ಷರಶಃ ಗೊತ್ತು. ಪುಟ್ಟಮಾದಯ್ಯ ಎರಡೂ ದನಿಗಳಲ್ಲಿ ಅದನ್ನು ಊರಿನ ಎಲ್ಲ ಜಗಲಿಗಳ ಮೇಲೂ ಆಡಿ ತೋರಿಸಿದ್ದಾನೆ.

“ಹಂಗಳ ಕಡೆಯಿಂದ ಶೈನಿ ಮಾತಾಡೋದು. ಗುರುಪಾದಸ್ವಾಮಿ ಅವರ ಸಂಬಂಧದ ವಿಷಯ ಕೇಳಬೇಕಿತ್ತು.”

“ಗುರುಪಾದನ ಸಂಬಂಧವಾ? ಯಾರ ಜೊತ್ಗವ್ವ?”

“ಅತಿಥಿ. ಅತಿಥಿ ಸಂಬಂಧ. ಅವರೇ ಅರ್ಜಿ ಹಾಕಿದಾರೆ. ಬಯೋಡಾಟಾ, ಫೋಟೋ ಎಲ್ಲಾ ಕಳಿಸಿದಾರೆ.”

“ಫೋಟೋನೂ ಕಳ್ಸವ್ನಾ!”

“ಚೆನ್ನಾಗಿದೆ ಫೋಟೋ. ಅವರು ಈಗ ಇರೋ ಕಡೆ ಎಷ್ಟು ವರ್ಷ ಇದಾರೆ?”

“ಹದ್ನಾಕು ವರ್ಷ ಆಯ್ತು ಕಣವ್ವ.”

“ಒಂದೇ ಕಡೆ?”

“ಒಂದೇ ಕಡೆ! ಇನ್ನೆಷ್ಟು ಕಡೆ ಇರ್ಬೇಕು ಅಂತೀಯೆ?”

“ಶರಿ ಶರಿ. ಬಿಟ್ಟಿದ್ದು ಯಾಕೆ?”

“ಬುಟ್ಟಿಲ್ಲ ಕಣವ್ವೋ! ಇವತ್ತು ಬೆಳಿಗ್ಗೆನೂ ಅಲ್ಲೇ ರೊಟ್ಟಿ ತಿಂದವ್ನೆ!”

“ಓ, ಇನ್ನೂ ಅಲ್ಲೇ ಇದಾರೆ. ಹಾಗಾದ್ರೆ ಬಿಡುಗಡೆ ಪತ್ರ ತರಬೇಕು. ಅದು ಇಲ್ದೆ ನಾವು ಸೇರಿಸಲ್ಲ. ನಮ್ಮಲ್ಲಿ ಎಲ್ಲಾ ಕ್ರಮ ಪ್ರಕಾರ.”

ಪುಟ್ಟಮಾದಯ್ಯನಿಗೆ ಬೆವರು ಬಂತಂತೆ. ಆದರೂ ಅಭ್ಯಾಸ ಬಿಡದೆ ಕೇಳಿದನಂತೆ: “ಮದ್ವೆ ಆದ್ಮೇಲೆ, ಅಂವ ಅಲ್ಲಿರದಾ, ಆಕೆ ಇಲ್ಲಿಗ್ ಬರದಾ?” ಆ ಹೊತ್ತಿಗೆ ಸಿಗ್ನಲ್ ಕಡಿದು ಕಡಿದು ಬರುತ್ತಿತ್ತು. ಶೈನಿ ಮೇಡಂಗೆ ಕೊನೆಯರ್ಧ ಮಾತ್ರ ಕೇಳಿಸಿತು.

“ಇಲ್ಲೇ ಇರಬೇಕು. ರಾತ್ರಿ ಕಾಡಿನ ಗೇಟ್ ಹಾಕಿದ್ರೆ ರೋಡಲ್ಲಿ ಗಾಡಿ ಬಿಡಲ್ಲ ಅಲ್ಲೇ? ಊಟ, ವಸತಿ, ಬಟ್ಟೆ ಎಲ್ಲಾ ನಮ್ಮದು. ವಾರಕ್ಕೆ ಒಂದ್ಸಲ ಹಳೇ ಮನೆಗೆ ಬಿಡ್ತೀವಿ.”

“ಮನೆ ಅಳೀತನವಾ!” ಎಂದನಂತೆ ಪುಟ್ಟಮಾದಯ್ಯ.

“ಹೌದು, ಮನೆಯವರ ಥರಾನೇ ನೋಡ್ಕೊಳ್ತೀವಿ. ಕೊನೇದಾಗಿ, ಅವರಿಗೆ ಸಿಟ್ಟು ಬರ್ತದಾ?”

“ಅವನಿಗೆ ಬರದು ಅದೊಂದೇ ಕಣವ್ವ.”

ಇಷ್ಟಾದ ಮೇಲೆ ಈ ಮನುಷ್ಯ ಏನು ಮಾಡಬೇಕಿತ್ತು? ಬೀದಿ ದಾಟಿ ಬಂದು ನನ್ನನ್ನು ಕೇಳಬೇಕಿತ್ತು. ನಡುವೆ ಇರುವುದು ಒಂದು ಚರಂಡಿ. ಅದನ್ನು ಬಿಟ್ಟು, ಹೆಂಡತಿ ಚಿಕ್ಕಮಲ್ಲಮ್ಮನಿಗೆ ಹೇಳಿದ. ಯಾರಿಗೂ ಹೇಳಬೇಡ ಎಂದು ಆಣೆ ಬೇರೆ ಹಾಕಿಸಿಕೊಂಡ. ಚಿಕ್ಕಮಲ್ಲಮ್ಮ ಆಣೆಗೆ ತಪ್ಪುವ ಹೆಂಗಸಲ್ಲ. ನನ್ನ ಹೆಂಡತಿಯ ಮುಂದೆ ಕೂತು, ಏನೂ ಹೇಳದೆ, ಸೆರಗಿನಿಂದ ಕಣ್ಣು ಒರೆಸಿಕೊಂಡು, “ನಿಂಗೆ ಇಂಥಾದ್ದು ಬರ್ಬಾರ್ದಿತ್ತು ಕಣಮ್ಮಿ” ಎಂದಳು. ಏನು ಎಂದು ಮಧುಶ್ರೀ ಕೇಳಿದಾಗ, “ನಾನೇಳಲ್ಲ, ಆಣೆ ಮಡಗಿವ್ನಿ. ಆ ಅತಿತಿ ಅನ್ನೋಳ ಹೆಸ್ರೂ ಎತ್ತಲ್ಲ” ಎಂದಳು.

ಈ ವಿಷಯ ಒಂದೂ ತಿಳಿಯದ ನಾನು, ಅದೇ ವಾರ, ಇಂಟರ್ವ್ಯೂಗೆ ಚೆನ್ನಾಗಿ ಕಾಣಲೆಂದು ತಲೆಗೆ ಬಣ್ಣ ಹಚ್ಚಿಕೊಂಡೆ. ಉಳಿದದ್ದನ್ನು ಮೀಸೆಗೂ ಹಚ್ಚಿದೆ. ಕನ್ನಡಿಯ ಮುಂದೆ ನಿಂತು ಕೈಮುಗಿದು “ವೆಲ್ಕಮ್, ವೆಲ್ಕಮ್” ಎಂದು ನಗುವುದನ್ನು ಅಭ್ಯಾಸ ಮಾಡಿದೆ. ಮಧುಶ್ರೀ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಅನ್ನಲಿಲ್ಲ. ಹೆಂಡತಿ ಏನೂ ಅನ್ನದೆ ಹೋದರೆ ಗಂಡನಾದವನು ಹೆದರಬೇಕು. ನಾನು ಮೀಸೆ ಒಣಗಿಸಿಕೊಳ್ಳುತ್ತಿದ್ದೆ.

ಮಾರನೆಯ ದಿನ ರೆಸಾರ್ಟಿನಿಂದ ಮೆಸೇಜು ಬಂತು. ‘ದಯವಿಟ್ಟು ನಿಮ್ಮ ಬಿಡುಗಡೆ ಪತ್ರವನ್ನು ತನ್ನಿರಿ.’ ಮಂಟಪವೇ ಇಲ್ಲ, ಪತ್ರ ಎಲ್ಲಿಂದ ಬರಬೇಕು? ಮಾಲೀಕರ ಮಗನಿಗೆ, ಅದೇ ಟೈಲ್ಸ್‌ನವನಿಗೆ, ಹಿತ್ತಲಲ್ಲಿ ನಿಂತು ಫೋನ್ ಮಾಡಿದೆ.

“ಅಂಕಲ್, ನಮ್ಮತ್ರ ಟೈಲ್ಸ್ ಬಿಲ್ ಬುಕ್ ಅಷ್ಟೇ ಇರೋದು. ಅದ್ರಲ್ಲೇ ಬರ್ಕೊಡ್ಲಾ?” ಎಂದ.

ಹದಿನಾಲ್ಕು ವರ್ಷದ ಸೇವೆಯನ್ನು ಬಾತ್‌ರೂಮ್ ಟೈಲ್ಸಿನ ರಸೀದಿಯಲ್ಲಿ! ನಾನು ಕಿರುಚಿದ್ದು ಪಕ್ಕದ ಬೀದಿಗೂ ಕೇಳಿಸಿರಬೇಕು. “ಹದಿನಾಲ್ಕು ವರ್ಷ ಆದ್ಮೇಲೆ ಒಂದು ಬಿಡುಗಡೆ ಪತ್ರ ಕೊಡೋಕೆ ಇಷ್ಟು ಸತಾಯಿಸ್ತೀರಾ? ಅಲ್ಲಿ ಹೊಸಬರು ನನಗೋಸ್ಕರ ಕಾಯ್ತಾ ಕೂತವ್ರೆ! ನಿಮ್ಮ ಹಂಗೇ ಬೇಡ ನನಗೆ!”

ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಬೆಕ್ಕು ಇರಬೇಕು ಎಂದುಕೊಂಡೆ. ಬೆಳಿಗ್ಗೆ ಎದ್ದಾಗ ಮಧುಶ್ರೀ ಇರಲಿಲ್ಲ. ‘ಹಂಗಳಕ್ಕೆ ಹೋಗ್ತಿದೀನಿ’ ಎಂದು ಮೊಬೈಲಿಗೆ ಒಂದು ಸಾಲು ಬಂದಿತ್ತು. ಹಂಗಳ ಅವಳ ತವರು. ಚೆಂಡು ಹೂವು ಕೀಳುವ ಕಾಲ, ಅಮ್ಮನಿಗೆ ಕೈಯಾಸರೆಗೆ ಹೋಗಿದ್ದಾಳೆ, ಎಷ್ಟು ಒಳ್ಳೆಯ ಹೆಂಗಸು ಎಂದು ಮೆಚ್ಚಿಕೊಂಡೆ. ಸುಳ್ಳು ಹೇಳದೆ ಇಂಟರ್ವ್ಯೂಗೆ ಹೋಗಬಹುದಲ್ಲ ಎಂಬ ನೆಮ್ಮದಿಯೂ ಆಯಿತು.

ಲೋಕದ ಜನ ವನವಾಸ ಮುಗಿಸಿ ಕಾಡಿನಿಂದ ಊರಿಗೆ ಬರುತ್ತಾರೆ. ನಾನು ಊರಿನಲ್ಲಿ ಹದಿನಾಲ್ಕು ವರ್ಷ ಮುಗಿಸಿ ಕಾಡಿಗೆ ಹೊರಟೆ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿದೆ. ದಾರಿಯುದ್ದಕ್ಕೂ ಸೂರ್ಯಕಾಂತಿ ಹೊಲಗಳಲ್ಲಿ ಕೇರಳದಿಂದ ಬಂದವರು ಕಾರು ನಿಲ್ಲಿಸಿ, ಹೂವಿಗೆ ಕೆನ್ನೆ ತಾಗಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇವರೆಲ್ಲ ನಾಳೆ ನನ್ನ ಅತಿಥಿಗಳು ಎಂದುಕೊಂಡು ಬಸ್ಸಿನ ಕಿಟಕಿಯಿಂದಲೇ ನಕ್ಕೆ. ಒಬ್ಬಳು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

ರೆಸಾರ್ಟಿನ ಜನರಲ್ ಮ್ಯಾನೇಜರು ಗಾಜಿನ ರೂಮಿನಲ್ಲಿ ಕೂತಿದ್ದ. ಉತ್ತರದ ಕಡೆಯವನು. ನನ್ನ ಎದೆಗೆ ಶೈನಿ ಮೇಡಂ ‘ಇಂಟರ್ವ್ಯೂ’ ಎಂದು ಬರೆದ ಒಂದು ಚೀಟಿ ಅಂಟಿಸಿದ್ದರು. ಹುಲಿ, ಆನೆ, ಗೆಸ್ಟು ಎಲ್ಲರ ಬಗ್ಗೆ ಕೇಳಿದ ಮೇಲೆ ಅವನು ಇಂಗ್ಲಿಷಿನಲ್ಲಿ ಕೇಳಿದ: “ಬುಕಿಂಗ್ ಇಲ್ಲದೆ ಒಂದು ಗುಂಪು ಸಿಟ್ಟಿನಿಂದ ನುಗ್ಗಿ ಬಂದರೆ ಮೊದಲು ಏನು ಮಾಡುತ್ತೀರಿ?”

“ಫಸ್ಟ್ ಸಿಟ್ಟಿಂಗ್ ಸರ್,” ಎಂದೆ. “ಸಿಟ್ಟಿಗೆ ಸಿಟ್ಟಿಂಗೇ ಮೆಡಿಸಿನ್ನು.”

ಅವನಿಗೆ ಅರ್ಥವಾಗುವ ಮೊದಲೇ ಹೊರಗೆ ಬೊಲೆರೊ ಪಿಕಪ್ಪೊಂದು ಕಿರ್‍ರನೆ ನಿಂತ ಸದ್ದಾಯಿತು. ಹಿಂದೆಯೇ ಒಂದು ದನಿ. ಆ ದನಿಯನ್ನು ನಾನು ಎಲ್ಲಿ ಬೇಕಾದರೂ ಗುರುತಿಸುತ್ತೇನೆ. ನನ್ನ ಅತ್ತೆ, ಹಂಗಳದ ಮಲ್ಲಾಜಮ್ಮ.

“ಎಲ್ಲವ್ಳೆ ಆ ಅತಿತಿ? ಎಳ್ಕ ಬನ್ನಿ ಈಚ್ಗೆ!”

ಗಾಜಿನಾಚೆ ನೋಡಿದೆ. ಪಿಕಪ್ಪನ್ನು ಓಡಿಸಿಕೊಂಡು ಬಂದವನು ನನ್ನ ಭಾವಮೈದ ಸೋಮೇಶ. ಹಿಂದುಗಡೆ ಚೆಂಡು ಹೂವಿನ ಮೂಟೆಗಳ ಮೇಲಿಂದ ಹಂಗಳದ ಒಂದಷ್ಟು ಹೆಂಗಸರು ಇಳಿಯುತ್ತಿದ್ದರು. ಅವರ ನಡುವೆ ಕಲ್ಲಿನಂತೆ ನಿಂತ ಮಧುಶ್ರೀ. ಪಕ್ಕದಲ್ಲಿ, ಸಾಕ್ಷಿ ಹೇಳಲೆಂದು ಚಾಮರಾಜನಗರದಿಂದ ನನ್ನ ಹಿಂದೆಯೇ ಬಸ್ಸು ಹಿಡಿದು, ನಾನು ಇಳಿದ ಜಾಗ ಪತ್ತೆ ಮಾಡಿ ಬಂದಿದ್ದ ಪುಟ್ಟಮಾದಯ್ಯ. ನಾನು ಕೈಕೆಳಗಿನ ಕೆಲಸಕ್ಕೆ ಸೇರುತ್ತಿರುವುದು ಹೇಗೋ ತಿಳಿದು, ಮನೆತನದ ಮರ್ಯಾದೆ ಹೋಯಿತೆಂದು ಇವರೆಲ್ಲ ತಡೆಯಲು ಬಂದಿದ್ದಾರೆ ಎಂದೇ ನಾನು ತಿಳಿದೆ. ಮೈಯೆಲ್ಲ ಬೆಂಕಿಯಾಯಿತು.

ಶೈನಿ ಮೇಡಂ ಕೌಂಟರಿನಿಂದ ಎದ್ದು ಹೇಳುತ್ತಿದ್ದರು: “ಅತಿಥಿಗಳೆಲ್ಲ ಸಫಾರಿಗೆ ಹೋಗಿದಾರಮ್ಮ. ಸಂಜೆ ಬರ್ತಾರೆ.”

“ಅತಿತಿಗಳು? ಎಷ್ಟು ಜನ್ವೆ ಅವ್ರೆ?”

“ಸೀಸನ್ ಅಲ್ಲೇ? ಈಗ ನಲವತ್ತು ಇರಬಹುದು.”

ಮಲ್ಲಾಜಮ್ಮ ಕಂಬ ಹಿಡಿದುಕೊಂಡಳು. “ಅಯ್ಯೋ ಶಿವನ್ನೇ, ನಲ್ವತ್ತಾ!”

ಪುಟ್ಟಮಾದಯ್ಯ ಬೆರಳು ಚಾಚಿ ಕೂಗಿದ: “ಇದೇ ದನಿ ಕಣಮ್ಮ! ಫೋನ್ ಮಾಡಿ ಬಿಡುಗಡೆ ಪತ್ರ ಕೇಳುದ್ದು ಇವ್ಳೇಯಾ!”

ನಾನು ಹೊರಗೆ ಧಾವಿಸಿದೆ. ಬೈಯಬೇಕೆಂದೇ ಹೋದೆ. ಆದರೆ ಹದಿನಾಲ್ಕು ವರ್ಷದ ಅಭ್ಯಾಸ ನೋಡಿ, ನಿಂತ ಬೀಗರನ್ನು ಕಂಡ ಕೂಡಲೇ ಬಾಯಿ ತಾನಾಗಿ, “ಬನ್ನಿ ಬನ್ನಿ, ಕೂತ್ಕೊಳ್ಳಿ, ದೂರದಿಂದ ಬಂದಿದೀರ” ಎಂದಿತು. ಕೈ ತಾನಾಗಿ ಕುರ್ಚಿ ಎಳೆಯಿತು. ಅತ್ತೆಗೆ ಫ್ಯಾನಿನ ಕೆಳಗೆ, ವಯಸ್ಸಾದವರಿಗೆ ಗೋಡೆ ಬದಿಗೆ, ಸೋಮೇಶನಿಗೆ ಬಾಗಿಲಿನಿಂದ ದೂರ. ಮಜ್ಜಿಗೆ ತರುವಂತೆ ಅಡುಗೆಮನೆಯ ಕಡೆ ಕೂಗಿದೆ. ನನ್ನ ದನಿಯಲ್ಲಿ ಏನಿತ್ತೋ, ಪರಿಚಯವೇ ಇಲ್ಲದ ಅಡುಗೆಯವನು ತಟ್ಟೆ ತುಂಬ ಲೋಟ ಇಟ್ಟುಕೊಂಡು ಓಡಿ ಬಂದ. ಎಲ್ಲರೂ ಕೂತರು. ಕೈಗೆ ಲೋಟ ಬಂತು. ಮಧುಶ್ರೀ ಒಬ್ಬಳು ಕೂರಲಿಲ್ಲ.

ಹದಿನಾಲ್ಕು ವರ್ಷ ನನ್ನನ್ನು ‘ಅಳಿಯಂದ್ರು’ ಎಂದು ಬಹುವಚನದಲ್ಲೇ ಕರೆದ ಅತ್ತೆ, ಒಂದು ಗುಟುಕು ಕುಡಿದು, ಏಕವಚನಕ್ಕೆ ಇಳಿದಳು.

“ಯಾಕ್ಲಾ, ಏನು ಕಮ್ಮಿ ಮಾಡಿದ್ಲು ಅಂತ ಬುಟ್ಟು ಬಂದೆ?”

“ಅಲ್ಲಿ ಏನುಳಿದಿದೆ ಅಂತ ಇರ್ಲಿ ಅತ್ತೆ?” ನಾನು ಮಂಟಪವನ್ನು ನೆನೆದು ಸಿಟ್ಟಿನಿಂದ ಹೇಳಿದೆ. “ಹದಿನಾಲ್ಕು ವರ್ಷ ಒಂದೇ ಕಡೆ ಕೊಳೆತೆ. ಹಳೇದಾಯ್ತು, ಬಿರುಕು ಬಿಟ್ಟಿತ್ತು, ಸೋರ್ತಿತ್ತು. ನಾನೂ ಎಷ್ಟೂಂತ ಸುಣ್ಣ ಬಳಿದುಕೊಂಡು ಇರ್ಲಿ? ಇಲ್ಲಿ ನೋಡಿ, ಎಲ್ಲಾ ಹೊಸದು!”

ಹೆಂಗಸರೆಲ್ಲ ಒಟ್ಟಿಗೆ ಮಧುಶ್ರೀಯ ಕಡೆ ನೋಡಿದರು. ಯಾಕೆಂದು ನನಗೆ ಹೊಳೆಯಲಿಲ್ಲ.

“ಹದ್ನಾಕು ವರ್ಷ ಇವನ್ನ ಸಾಕುದೋರು ನಾವು!” ಎಂದು ಮಲ್ಲಾಜಮ್ಮ ಶೈನಿ ಮೇಡಂಗೆ ಅರಚಿದಳು.

ಶೈನಿ ಮೇಡಂ ಮುಖ ಅರಳಿತು. “ಓ! ನೀವು ಹಳೇ ಕಡೆಯವರಾ? ಒಳ್ಳೇದಾಯ್ತು. ಬಿಡುಗಡೆ ಪತ್ರ ತಂದಿದೀರಾ? ಇಲ್ಲಾಂದ್ರೆ ಇಲ್ಲೇ ಬರೆದುಕೊಡಿ, ಸಾಕು.” ಎಂದು ರೆಸಾರ್ಟಿನ ಪ್ಯಾಡು, ಪೆನ್ನು ಮುಂದಿಟ್ಟರು.

“ನಮ್ಮನ್ನೇ ಕೇಳ್ತಾವ್ಳಲ್ಲಾ, ಏನ್ ಗಂಡೆದೆ!” ಎಂದು ಅತ್ತೆ ಎದ್ದಳು. ಎದ್ದವಳನ್ನು ನಾನು ಮತ್ತೆ ಕೂರಿಸಿದೆ.

ಮಧುಶ್ರೀ ಮುಂದೆ ಬಂದಳು. ಪೆನ್ನು ತೆಗೆದುಕೊಂಡಳು. ಒಂದು ಕ್ಷಣವೂ ಯೋಚಿಸಲಿಲ್ಲ. ಅದೇ ನನಗೆ ಈಗಲೂ ಸಂಕಟ. ನಿಂತುಕೊಂಡೇ, ಗಟ್ಟಿಯಾಗಿ ಓದುತ್ತಾ ಬರೆದಳು.

“ಗುರುಪಾದಸ್ವಾಮಿ ಎಂಬುವರು ಹದಿನಾಲ್ಕು ವರ್ಷ ನಮ್ಮಲ್ಲಿದ್ದರು. ಕುಡಿಯುವುದಿಲ್ಲ. ಕದಿಯುವುದಿಲ್ಲ. ಹೇಳಿದ್ದು ಕೇಳುವುದಿಲ್ಲ. ಸಿಟ್ಟು ಬಹಳ. ಇವತ್ತಿನಿಂದ ಬಿಡುಗಡೆ ಮಾಡಿದ್ದೇನೆ. ಬೇಕಾದವರು ಇಟ್ಟುಕೊಳ್ಳಬಹುದು. ನಮ್ಮದೇನೂ ತಕರಾರಿಲ್ಲ.”

“ತಕರಾರಿಲ್ಲ, ಅದು ಮುಖ್ಯ,” ಎಂದರು ಶೈನಿ ಮೇಡಂ. “ಸಹಿ ಹಾಕಿ. ಫೋನ್ ನಂಬರೂ ಬರೀರಿ, ವೆರಿಫಿಕೇಶನ್‌ಗೆ. ಸೀಲ್ ಇಲ್ವಾ?”

“ನಮ್ಮೂರ್ನಲ್ಲಿ ಬಿಡುಗಡೆಗೆ ಸೀಲ್ ಬೇಕಿಲ್ಲ,” ಎಂದು ಮಧುಶ್ರೀ ಸಹಿ ಹಾಕಿದಳು.

“ಥ್ಯಾಂಕ್ಯೂ. ಇನ್ನು ಇವರ ಇಂಟರ್ವ್ಯೂ ಮುಗಿಸ್ತೀವಿ,” ಎಂದು ಶೈನಿ ಮೇಡಂ ಆ ಹಾಳೆ ಹಿಡಿದು ಗಾಜಿನ ರೂಮಿಗೆ ನಡೆದರು.

“ಇಂಟರ್ವ್ಯೂ?” ಮಧುಶ್ರೀ ನನ್ನ ಕಡೆ ತಿರುಗಿದಳು. ನನ್ನ ಎದೆಯ ಮೇಲಿನ ಚೀಟಿಯನ್ನು ಮೊದಲ ಸಲ ಓದಿದಳು. “ಯಾತರ ಇಂಟರ್ವ್ಯೂ?”

“ಕೆಲಸದ್ದು! ಮತ್ತೆ ಇನ್ಯಾತರದ್ದು? ಬಂದ ಗೆಸ್ಟುಗಳನ್ನ ನೋಡಿಕೊಳ್ಳೋ ಕೆಲಸ. ನಿಮಗೆ ಅದು ಮರ್ಯಾದೆಗೇಡು ಅನ್ಸಿದ್ರೆ ಅನ್ಸಲಿ!”

ಸೋಮೇಶ ನಿಧಾನವಾಗಿ ಪುಟ್ಟಮಾದಯ್ಯನ ಕಡೆ ನೋಡಿದ. “ಮತ್ತೆ ಹೆಣ್ಣು ಅಂದ್ರಿ? ಮನೆ ಅಳೀತನ ಅಂದ್ರಿ?” ಪುಟ್ಟಮಾದಯ್ಯ ಮಜ್ಜಿಗೆ ಲೋಟದೊಳಗೆ ಮುಖ ಇಟ್ಟ. “ನನ್ಕಿವಿ ಒಸಿ ಮಂದ ಕಣಪ್ಪ” ಎಂಬ ಮಾತು ಲೋಟದೊಳಗಿನಿಂದ ಬಂತು. ಆಗ ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು, ಸಂಬಂಧ, ಅತಿಥಿ, ಬಿಡುಗಡೆ, ಬಿರುಕು ಬಿಟ್ಟಿತ್ತು ಸೋರ್ತಿತ್ತು ಎಂದದ್ದೂ ಸೇರಿ. ನಾನು ಆ ಮುದುಕನ ಕುತ್ತಿಗೆಗೆ ಕೈ ಹಾಕಲು ಹೋದೆ. ಸೋಮೇಶ ಹಿಡಿದುಕೊಂಡ. ನಲವತ್ತು ಹೆಂಡಿರ ಗಂಡನೆಂದು ನನ್ನನ್ನು ನಂಬಿದ್ದ ಹೆಂಗಸರು ನಗಲು ಶುರುಮಾಡಿದರು. ಅತ್ತೆ ತಕ್ಷಣ ಬಹುವಚನಕ್ಕೆ ಏರಿ, “ತಪ್ಪು ತಿಳ್ಕಬೇಡಿ ಅಳಿಯಂದ್ರೆ” ಎಂದಳು.

ನಗದವಳು ಒಬ್ಬಳೇ.

“ಎರಡ್ನೇ ಮದ್ವೆ ಅಂದಾಗ ಸಿಟ್ಟು ಬಂದಿತ್ತು,” ಎಂದಳು ಮಧುಶ್ರೀ. “ಈಗ ಹೊಟ್ಟೆ ಉರೀತಾ ಅದೆ. ದಿನಾ ಮೀಟಿಂಗು ಮೀಟಿಂಗು ಅಂತ ಓಗಿ ಎಲ್ಲಿ ಕುಂತಿದ್ರಿ?”

“ಬಸ್ ಸ್ಟ್ಯಾಂಡಲ್ಲಿ.”

“ಕೆಲ್ಸ ಹೋಗಿದ್ದು ನಿಮಗೊಬ್ಬರಿಗೇನ್ರಿ? ನಾನೂ ಆ ಮನೇಲೇ ತಾನೆ ಇರೋದು? ಊರೋರಿಗೆ ಹೇಳೋ ಸುಳ್ಳನ್ನೇ ನಂಗೂ ಹೇಳುದ್ರಲ್ಲ. ಊರೋರ ಜೊತೆ ನನ್ನೂ ನಿಲ್ಸುಬುಟ್ರಲ್ಲ.”

ಚಪ್ಪಾಳೆ ಹೊಡೆದವಳು ನೀನು ತಾನೆ ಎಂದು ಕೂಗಬೇಕೆನಿಸಿತು. ಕೂಗಿದೆನೋ ಏನೋ. ಅವಳು ಆಗಲೇ ಪಿಕಪ್ಪಿನ ಕಡೆ ತಿರುಗಿದ್ದಳು.

“ಆ ಪತ್ರ ವಾಪಸ್ ಇಸ್ಕೋ ಕಣಮ್ಮಿ,” ಎಂದಳು ಅತ್ತೆ.

“ಬರ್ದಿದ್ದು ಬರ್ದಿದ್ದೇ. ಅಲ್ಲೇ ಇರ್ಲಿ,” ಎಂದು ಮಧುಶ್ರೀ ಹೋಗಿ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತಳು. ಗಾಡಿ ಹೊರಟಿತು. ಪುಟ್ಟಮಾದಯ್ಯನನ್ನು ಹೂವಿನ ಮೂಟೆಯ ಮೇಲೆ ಹತ್ತಿಸಿಕೊಂಡರು. ಲೋಟವನ್ನು ಅವನು ಹಾಗೇ ತೆಗೆದುಕೊಂಡು ಹೋದ.

ಜನರಲ್ ಮ್ಯಾನೇಜರಿಗೆ ಗಾಜಿನೊಳಗಿನಿಂದ ಮಾತು ಕೇಳಿಸಿರಲಿಲ್ಲ. ನೋಟ ಮಾತ್ರ ಕಂಡಿತ್ತು. ಕೂಗುತ್ತಾ ನುಗ್ಗಿದ ಗುಂಪು ಸಾಲಾಗಿ ಕೂತು ಮಜ್ಜಿಗೆ ಕುಡಿದು, ನಗುತ್ತಾ ಹೊರಟು ಹೋಯಿತು. ಇಂಥದ್ದನ್ನು ತಾನು ಜೀವಮಾನದಲ್ಲಿ ಕಂಡಿಲ್ಲ ಎಂದು ಎದ್ದು ಕೈಕುಲುಕಿದ. ಹಳೆಯ ಕಡೆಯವರನ್ನು ಫೋನಿನಲ್ಲಿ ವಿಚಾರಿಸುವುದೊಂದು ಬಾಕಿ, ಅಲ್ಲಿ ಒಳ್ಳೆಯ ಮಾತು ಬಂದರೆ ಸೋಮವಾರವೇ ಸೇರಿಕೊಳ್ಳಿ ಎಂದ. ಅಲ್ಲಿ ಒಳ್ಳೆಯ ಮಾತು ಬರಬೇಕಂತೆ!

ಸೋಮವಾರದವರೆಗಿನ ಆ ದಿನಗಳನ್ನು ವಿವರಿಸಲು ನನಗೆ ಇಷ್ಟವಿಲ್ಲ. ಫೋನ್ ಮಾಡಿದರೆ ಮಧುಶ್ರೀ ಎತ್ತಲಿಲ್ಲ. ಮನೆಯಲ್ಲಿ ಅನ್ನ ಹೊತ್ತಿಸಿದೆ, ಆಮೇಲೆ ಸೌಟನ್ನು ಗೋಡೆಗೆ ಎಸೆದೆ. ಎದುರು ಮನೆಯ ಚಿಕ್ಕಮಲ್ಲಮ್ಮ ಸಾರು ಕಳಿಸಿದಳು, ತಿರುಗಿಸಿ ಕಳಿಸಿದೆ. ಹಸಿವಾಗಿ ಮತ್ತೆ ತರಿಸಿಕೊಂಡೆ. ಅದರಿಂದಲೂ ಸಿಟ್ಟು ಬಂತು.

ಸೋಮವಾರ ಶೈನಿ ಮೇಡಂ ನನ್ನನ್ನು ಎದುರಿಗೆ ಕೂರಿಸಿಕೊಂಡು, ಸ್ಪೀಕರ್ ಹಾಕಿ ಆ ನಂಬರಿಗೆ ಫೋನ್ ಮಾಡಿದರು. ನನ್ನ ಕರೆ ಎತ್ತದವಳು ಅವರದನ್ನು ಒಂದೇ ರಿಂಗಿಗೆ ಎತ್ತಿದಳು.

“ಮೇಡಂ, ಸೈಲೆಂಟ್ ಬ್ಯಾಂಬೂ ಇಂದ ಶೈನಿ. ನೀವು ಕೊಟ್ಟ ಬಿಡುಗಡೆ ಪತ್ರದ ವೆರಿಫಿಕೇಶನ್. ಗುರುಪಾದಸ್ವಾಮಿ ಪ್ರಾಮಾಣಿಕರಾ?”

“ಕೈ ವಿಷ್ಯದಲ್ಲಿ ಹೂಂ. ಬಾಯಿ ವಿಷ್ಯದಲ್ಲಿ ಇಲ್ಲ.”

ಶೈನಿ ಮೇಡಂ ‘ಮಾತು ಸುಧಾರಿಸಬೇಕು’ ಎಂದು ಗುರುತು ಹಾಕಿಕೊಂಡರು. “ಸಿಟ್ಟು ಮಾಡ್ತಾರಾ?”

“ಬೆಳಿಗ್ಗೆಯಿಂದ ಸಂಜೆಗಂಟ.”

“ಬಂದವರ ಮೇಲೆ?”

“ಬಂದೋರ ಮುಂದೆ ಬೆಣ್ಣೆ. ಮನೆಯೋರ ಮೇಲೆ ಮಾತ್ರ.”

“ಶರಿ, ಅದು ನಮಗೆ ಸಮಸ್ಯೆ ಇಲ್ಲ,” ಎಂದರು ಶೈನಿ ಮೇಡಂ. ನಾನು ಕುರ್ಚಿಯಿಂದ ಎದ್ದೆ. ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದರು. ಕೂತೆ. “ಕೊನೇ ಪ್ರಶ್ನೆ ಮೇಡಂ. ಇದು ಮುಖ್ಯ. ಮುಂದೆ ಯಾವತ್ತಾದ್ರೂ ಅವರು ವಾಪಸ್ ಬಂದ್ರೆ, ನೀವು ಸೇರಿಸ್ಕೊಳ್ತೀರಾ?”

ಫೋನಿನಾಚೆ ಕುಕ್ಕರ್ ಕೂಗಿತು. ಮಲ್ಲಾಜಮ್ಮ ಯಾರನ್ನೋ ಸುಮ್ಮನಿರಿಸುವುದು ಕೇಳಿಸಿತು. ಹಂಗಳದ ಹೆಂಗಸರೆಲ್ಲ ಆ ಫೋನಿನ ಸುತ್ತ ಕೂತಿದ್ದಾರೆಂದು ಗೊತ್ತಾಯಿತು. ನನ್ನ ಕೆಲಸ, ನನ್ನ ಮನೆ ಎರಡೂ ಆ ಸ್ಪೀಕರಿನೊಳಗೆ ಸಿಕ್ಕಿಕೊಂಡಿದ್ದವು. ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಭಯವಾಗುತ್ತಿತ್ತು.

“ಅವ್ರು ಅಲ್ಲೇ ಕುಂತವ್ರಾ?” ಎಂದಳು ಮಧುಶ್ರೀ.

“ಇಲ್ಲೇ ಇದಾರೆ.”

“ವಾರದ ರಜ ಯಾವತ್ತು ಕೊಡ್ತೀರಿ?”

“ಮಂಗಳವಾರ.”

“ಹಂಗಾದ್ರೆ ಮಂಗಳವಾರ ಸೇರುಸ್ಕತೀನಿ ಅಂತ ಬರ್ಕಳಿ. ಅದೂ ಆ ಮೀಸೆ ಬಣ್ಣ ತೊಳ್ಕಂಡು ಬಂದ್ರೆ.” ಫೋನ್ ಕಟ್ಟಾಯಿತು.

ಶೈನಿ ಮೇಡಂ ಬರೆದುಕೊಂಡರು. ಬರೆದದ್ದನ್ನು ಮತ್ತೆ ಓದಿದರು. ಹುಬ್ಬು ಗಂಟಾಯಿತು.

“ಗುರುಪಾದಸ್ವಾಮಿ, ಮಂಗಳವಾರ ನೀವು ಅಲ್ಲೂ ಕೆಲಸ ಮಾಡ್ತೀರಾ? ನಮ್ಮಲ್ಲಿ ಎರಡು ಕಡೆ ಕೆಲಸ ಮಾಡೋ ಹಾಗಿಲ್ಲ.”

“ಅಲ್ಲಿ ನನಗೇನೂ ಕೆಲಸ ಇಲ್ಲ ಮೇಡಂ,” ಎಂದೆ. “ಅಲ್ಲಿ ಇನ್ನು ನಾನೇ ಅತಿಥಿ.”